ಅಂಕಿತವಿಲ್ಲದ ನೇಯ್ಗೆ: ‘ವಿಶ್ವಕರ್ಮ’ ವಸ್ತ್ರಪ್ರದರ್ಶನಗಳು ಮತ್ತು ಕರ್ತೃತ್ವದ ಪ್ರಶ್ನೆ

ಒಂದು ಕೃತಿಯ ಕರ್ತೃ ಯಾರು ಎಂಬುದು ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ನಿತ್ಯದ ಪ್ರಶ್ನೆ. ವಚನದ ಅಂಕಿತ, ಕಾವ್ಯದ ಆಶ್ವಾಸಾಂತ್ಯದ ಗದ್ಯ, ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದುಕೊಂಡ ಸಾಲು ಇವುಗಳನ್ನು ಹಿಡಿದು ನಾವು ಕರ್ತೃವನ್ನು ಅರಸುತ್ತೇವೆ. ಇದೇ ಪ್ರಶ್ನೆಯನ್ನು ಬಟ್ಟೆಯ ಮುಂದಿಟ್ಟರೆ ಏನಾಗುತ್ತದೆ? 1980ರ ದಶಕದಲ್ಲಿ ಭಾರತ ಉತ್ಸವಗಳ ಅಂಗವಾಗಿ ವಿದೇಶಗಳಲ್ಲಿ ಏರ್ಪಟ್ಟ ‘ವಿಶ್ವಕರ್ಮ’ ಎಂಬ ಹೆಸರಿನ ವಸ್ತ್ರಪ್ರದರ್ಶನಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಲಾಚರಿತ್ರಕಾರರು ಈ ಪ್ರದರ್ಶನಗಳನ್ನು ವಿನ್ಯಾಸದ ದೃಷ್ಟಿಯಿಂದ ಸಾಕಷ್ಟು ಚರ್ಚಿಸಿದ್ದಾರೆ. ನಾವು ಹಿಡಿದಿರುವುದು ಬೇರೊಂದು ಎಳೆ.

ಈ ಪ್ರದರ್ಶನಗಳು ಹಠಾತ್ತನೆ ಹುಟ್ಟಿದವಲ್ಲ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಕೈಮಗ್ಗದ ಕ್ಷೇತ್ರವನ್ನು ಪುಪುಲ್ ಜಯಕರ್ ಅವರು ತಮ್ಮದಾಗಿಸಿಕೊಂಡರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1955ರಲ್ಲಿ ಭಾರತದ ವಸ್ತ್ರಗಳ ಮತ್ತು ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಅದರ ಸಂದರ್ಭದಲ್ಲಿಯೇ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ ಮೊದಲ ಬಾರಿಗೆ ತೆರೆ ಕಂಡಿತು. ಅಲಿ ಅಕ್ಬರ್ ಖಾನರ ಸರೋದ್ ವಾದನದ ಜೊತೆಗೆ ಮಂಗಳೂರಿನಲ್ಲಿ ಹುಟ್ಟಿದ ನರ್ತಕಿ ಶಾಂತಾರಾವ್ ಅವರ ನೃತ್ಯವೂ ನಡೆಯಿತು. ಬಟ್ಟೆಯನ್ನು ಸಂಗೀತ, ನೃತ್ಯ, ಚಲನಚಿತ್ರಗಳ ಸಾಲಿನಲ್ಲಿ ಕೂರಿಸಿದ ಈ ಘಟನೆ ಮುಂದಿನ ಉತ್ಸವಗಳ ಮುನ್ಸೂಚನೆಯಂತಿದೆ. ಅದರ ಮರುವರ್ಷ, 1956ರಿಂದ, ಮುಂಬಯಿ, ಮದರಾಸು, ವಾರಾಣಸಿ ಮೊದಲಾದೆಡೆ ನೇಕಾರರ ಸೇವಾ ಕೇಂದ್ರಗಳು ಆರಂಭವಾದವು.

ಈ ಕೇಂದ್ರಗಳ ವಿಶೇಷವೆಂದರೆ ಅಲ್ಲಿ ಚಿತ್ರಕಲಾವಿದರಿಗೆ ಉದ್ಯೋಗ ದೊರೆತದ್ದು. ಕೆ. ಜಿ. ಸುಬ್ರಹ್ಮಣ್ಯನ್ 1959ರಿಂದ 1961ರವರೆಗೆ ಮುಂಬಯಿಯಲ್ಲಿ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದಲ್ಲಿದ್ದರು. ಪ್ರಭಾಕರ ಬರ್ವೆ ವಾರಾಣಸಿಯಲ್ಲಿ, ಜೋಗೇನ್ ಚೌಧುರಿ ಮದರಾಸಿನಲ್ಲಿ, ಅರ್ಪಿತಾ ಸಿಂಗ್ ದೆಹಲಿಯಲ್ಲಿ ಕೆಲಸ ಮಾಡಿದರು. ಇವರ ಜೀವನಚರಿತ್ರೆಗಳಲ್ಲಿ ಈ ವರ್ಷಗಳು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಅದೇ ಕೋಣೆಯಲ್ಲಿ, ಅದೇ ವಿನ್ಯಾಸದ ಮೇಲೆ ದುಡಿದ ನೇಕಾರನಿಗಾದರೋ ಅಷ್ಟೂ ದಕ್ಕಿಲ್ಲ.

ಚಿತ್ರಕಾರ ಕಾಗದದ ಮೇಲೆ ಎಳೆದ ಗೆರೆ ಮಗ್ಗಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಬಾಗಿದ ಗೆರೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯಬೇಕು. ಹೊಕ್ಕಿನ ಪ್ರತಿಯೊಂದು ಎಳೆ ಹಾಯುವಾಗ ಹಾಸಿನ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗುಳಿಯಬೇಕು ಎಂಬುದನ್ನು ಲೆಕ್ಕ ಹಾಕಬೇಕು. ಬನಾರಸಿನ ಹಳೆಯ ಪದ್ಧತಿಯಲ್ಲಿ ಇದನ್ನು ಮಾಡುವವನಿಗೆ ನಕ್ಷಬಂದ್ ಎಂಬ ಪ್ರತ್ಯೇಕ ಹೆಸರೇ ಇದೆ. ಅವನು ವಿನ್ಯಾಸವನ್ನು ದಾರದಲ್ಲಿ ಕಟ್ಟಿಡುತ್ತಾನೆ. ಪಾಟಣದ ಪಟೋಲಾದಲ್ಲಿ ಕಷ್ಟ ಇನ್ನೂ ಹೆಚ್ಚು: ಹಾಸು ಹೊಕ್ಕು ಎರಡನ್ನೂ ನೇಯುವ ಮೊದಲೇ ಕಟ್ಟಿ ಬಣ್ಣಕ್ಕೆ ಅದ್ದುವುದರಿಂದ, ಮಗ್ಗಕ್ಕೇರುವ ಮುನ್ನವೇ ಇಡೀ ಸೀರೆ ಒಬ್ಬರ ಮನಸ್ಸಿನಲ್ಲಿ ನೇಯ್ದು ಮುಗಿದಿರಬೇಕು. ಹೀಗಿರುವಾಗ ಕಾಗದದ ಮೇಲಿನ ಚಿತ್ರವನ್ನಷ್ಟೇ ವಿನ್ಯಾಸವೆಂದು ಕರೆದು, ಉಳಿದುದನ್ನೆಲ್ಲ ಕೈಕೆಲಸವೆಂದು ಬದಿಗಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ವಿಶ್ವಕರ್ಮ ಪ್ರದರ್ಶನಗಳ ಹಿಂದಿದ್ದ ಮುಖ್ಯ ವ್ಯಕ್ತಿ ಮಾರ್ತಾಂಡ ಸಿಂಗ್ (ನಿಧನ 2017). ಅಹಮದಾಬಾದಿನ ಕ್ಯಾಲಿಕೊ ವಸ್ತ್ರಸಂಗ್ರಹಾಲಯದ ನಿರ್ದೇಶಕರಾಗಿದ್ದ ಅವರಿಗೆ ಹಳೆಯ ಬಟ್ಟೆಗಳ ಸೂಕ್ಷ್ಮ ಪರಿಚಯವಿತ್ತು. ಅವರ ಬಳಗ ಸೇವಾ ಕೇಂದ್ರಗಳ ಮೂಲಕ ದೇಶದ ನಾನಾ ಕಡೆಯ ನೇಕಾರರು, ಬಣ್ಣಗಾರರು, ಕಲಂಕಾರಿ ಕೆಲಸಗಾರರಿಂದ ಹೊಸದಾಗಿ ವಸ್ತ್ರಗಳನ್ನು ಮಾಡಿಸಿತು. ಸಂಗ್ರಹಾಲಯಗಳಲ್ಲಿ ಮಾತ್ರ ಉಳಿದಿದ್ದ ಹಳೆಯ ಮಾದರಿಗಳನ್ನು ಮತ್ತೆ ನೇಯಿಸುವುದು, ಅದೇ ಕೌಶಲವನ್ನು ಹೊಸ ಅಳತೆಗೂ ಹೊಸ ವಿನ್ಯಾಸಕ್ಕೂ ಹಿಗ್ಗಿಸುವುದು ಈ ಯೋಜನೆಯ ಎರಡು ಮುಖಗಳು. 1982ರಲ್ಲಿ ಬ್ರಿಟನ್ನಿನ ಭಾರತ ಉತ್ಸವದಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ‘ಮಾಸ್ಟರ್ ವೀವರ್ಸ್’ ಎಂಬ ಹೆಸರಿನಲ್ಲಿ ಇವು ಪ್ರದರ್ಶಿತವಾದವು. ಸುಮಾರು ಒಂದು ದಶಕದ ಕಾಲ ಈ ಸರಣಿ ಮುಂದುವರಿಯಿತು. ಉಡುವ ಬಟ್ಟೆ ಇಲ್ಲಿ ಗೋಡೆಯ ಮೇಲೇರಿತು, ನೋಡುವ ವಸ್ತುವಾಯಿತು. ಅದರಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ಕೈಬಿಟ್ಟಿದ್ದ ಎಷ್ಟೋ ಕೆಲಸಗಳು ಮತ್ತೆ ಕೈಗೆ ಬಂದವು.

ಪ್ರದರ್ಶನದ ಶೀರ್ಷಿಕೆಯೇ ನೇಕಾರರನ್ನು ಮುಂದೆ ನಿಲ್ಲಿಸಿತ್ತು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 1985ರಲ್ಲಿ ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ಸಂಗ್ರಹಾಲಯದಲ್ಲಿ ರಾಜೀವ್ ಸೇಠಿಯವರು ರೂಪಿಸಿದ ‘ಗೋಲ್ಡನ್ ಐ’ ಪ್ರದರ್ಶನದ ಯೋಜನೆಯೇ ಬೇರೆ. ಅಲ್ಲಿ ಎಟ್ಟೋರೆ ಸೊಟ್ಸಾಸ್, ಜಾಕ್ ಲೆನರ್ ಲಾರ್ಸನ್ ಮೊದಲಾದ ಖ್ಯಾತ ವಿದೇಶೀ ವಿನ್ಯಾಸಕಾರರು ಭಾರತೀಯ ಕುಶಲಿಗಳೊಡನೆ ಕೆಲಸ ಮಾಡಿದರು. ಎರಡೂ ಬಗೆಯ ಪ್ರದರ್ಶನಗಳ ಬಗ್ಗೆ ಮುಂದೆ ಬಂದ ಬರಹಗಳಲ್ಲಿ ಮಾತ್ರ ಉಳಿದುಕೊಂಡ ಹೆಸರುಗಳು ಬಹುಮಟ್ಟಿಗೆ ಒಂದೇ ವರ್ಗದವು: ರೂಪಿಸಿದವರವು, ವಿನ್ಯಾಸ ಕೊಟ್ಟವರವು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದಿದೆ. ಭಾರತೀಯ ಕುಶಲಿ ಸ್ವಭಾವತಃ ಅನಾಮಿಕ, ತನ್ನ ಕೆಲಸವನ್ನು ದೈವಕ್ಕೆ ಒಪ್ಪಿಸಿ ಹೆಸರನ್ನು ಅಳಿಸಿಕೊಳ್ಳುವವನು, ಆದ್ದರಿಂದಲೇ ‘ವಿಶ್ವಕರ್ಮ’ ಎಂಬ ಹೆಸರು ಸಾರ್ಥಕ ಎಂಬುದು ಆ ವಾದ. ಕರ್ನಾಟಕದ ಶಾಸನಗಳನ್ನು ಓದಿದವರು ಈ ಮಾತನ್ನು ಒಪ್ಪುವುದು ಕಷ್ಟ. ಹೊಯ್ಸಳ ದೇವಾಲಯಗಳ ವಿಗ್ರಹಪೀಠಗಳ ಮೇಲೆ ರೂವಾರಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಊರನ್ನೂ ಬಿರುದುಗಳನ್ನೂ ಸೇರಿಸಿ ಹೇಳಿಕೊಂಡಿದ್ದಾರೆ. ಆ ಬಿರುದುಗಳಲ್ಲಿ ಎದುರಾಳಿ ಶಿಲ್ಪಿಗಳಿಗೆ ಹಾಕಿದ ಸವಾಲೂ ಇದೆ. ಮಲ್ಲಿತಮ್ಮನ ಹೆಸರು ಹಲವು ಗುಡಿಗಳಲ್ಲಿ ಸಿಗುತ್ತದೆ. ವಿಶ್ವಕರ್ಮನ ಪರಂಪರೆಗೆ ಸೇರಿದವರೆಂದು ಹೇಳಿಕೊಂಡ ಕುಶಲಿಗಳೇ ಇವರು! ಅನಾಮಿಕತೆಯನ್ನು ಪರಂಪರೆಯ ಗುಣವೆಂದು ಸಾರುವ ಮೊದಲು ಈ ಪೀಠಗಳನ್ನೊಮ್ಮೆ ಓದುವುದು ಒಳ್ಳೆಯದು.

ಹಾಗಾದರೆ ನೇಕಾರರ ವಿಷಯ? ಕಲ್ಲು ಉಳಿಯುತ್ತದೆ, ಬಟ್ಟೆ ಸವೆಯುತ್ತದೆ ಎಂಬುದು ಒಂದು ಕಾರಣ. ಆದರೆ ನೇಕಾರರು ತಮ್ಮ ಗುರುತನ್ನು ಕಲ್ಲಿಗೇ ಒಪ್ಪಿಸಿದ ಉದಾಹರಣೆ ಮಾಳವದಲ್ಲಿದೆ. ಮಂದಸೋರಿನ ಪ್ರಸಿದ್ಧ ಶಾಸನ, ಲಾಟದೇಶದಿಂದ ದಶಪುರಕ್ಕೆ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು ಮಾಳವ ಸಂವತ್ 493ರಲ್ಲಿ (ಕ್ರಿ. ಶ. 436-37) ಸೂರ್ಯದೇವಾಲಯ ಕಟ್ಟಿಸಿದ್ದನ್ನೂ 529ರಲ್ಲಿ ಅದರ ಜೀರ್ಣೋದ್ಧಾರವಾದುದನ್ನೂ ಹೇಳುತ್ತದೆ. ಶ್ರೇಣಿಯ ಕೆಲವರು ಬಿಲ್ವಿದ್ಯೆಗೆ, ಕೆಲವರು ಜ್ಯೋತಿಷಕ್ಕೆ ಹೋದರು, ಉಳಿದವರು ಕುಲವೃತ್ತಿಯಲ್ಲೇ ನಿಂತರು ಎಂಬ ವಿವರವೂ ಅಲ್ಲಿದೆ. ತಾವು ನೇಯ್ದ ರೇಷ್ಮೆಯ ಹೊಗಳಿಕೆಯನ್ನು ಸೇರಿಸಲೂ ಅವರು ಮರೆಯಲಿಲ್ಲ. ಕವಿ ವತ್ಸಭಟ್ಟಿ ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ. ನೇಕಾರರು ಶ್ರೇಣಿಯಾಗಿ, ಸಮುದಾಯವಾಗಿ ನಿಂತಿದ್ದಾರೆ. ಇದು ಹೆಸರಿಲ್ಲದಿರುವಿಕೆಯಲ್ಲ, ಬೇರೊಂದು ಬಗೆಯ ಹೆಸರು. ಇಂದಿನ ಪರಿಭಾಷೆಯಲ್ಲಿ ವಿನ್ಯಾಸಬಳಗ ಎನ್ನುವುದಕ್ಕೆ ಇದಕ್ಕಿಂತ ಹಳೆಯ, ಇಷ್ಟು ಸ್ಪಷ್ಟವಾದ ಪೂರ್ವರೂಪ ನಮಗೆ ಸುಲಭವಾಗಿ ಕಾಣುವುದಿಲ್ಲ.

ಕನ್ನಡದಲ್ಲಿ ಈ ವೃತ್ತಿ ವ್ಯಕ್ತಿಯ ಹೆಸರಿಗೇ ಅಂಟಿ ಬಂದದ್ದು ಜೇಡರ ದಾಸಿಮಯ್ಯನಲ್ಲಿ. (ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬರೇ ಅಥವಾ ಇಬ್ಬರೇ ಎಂಬ ಹಳೆಯ ವ್ಯಾಜ್ಯವನ್ನು ಇಲ್ಲಿ ಎಬ್ಬಿಸುವ ಅಗತ್ಯವಿಲ್ಲ.) ರಾಮನಾಥ ಎಂಬುದು ಅವನ ಅಂಕಿತ. ಅವನ ಪತ್ನಿ ದುಗ್ಗಳೆಯ ಅಂಕಿತದಲ್ಲಿ ಗಂಡನ ಹೆಸರೂ ಆ ದೈವದ ಹೆಸರೂ ಕೂಡಿಕೊಂಡಿವೆ. ದೈವದ ಹೆಸರನ್ನು ಮುಂದಿಟ್ಟರೂ ವಚನ ಯಾರದೆಂಬುದು ಮರೆಯಾಗದ ವ್ಯವಸ್ಥೆ ಇದು. ಕೇಂದ್ರ ಸರ್ಕಾರ ಕೈಮಗ್ಗ ನೇಕಾರರಿಗೆ ಕೊಡುವ ಉನ್ನತ ಪ್ರಶಸ್ತಿಗೆ ಮತ್ತೊಬ್ಬ ನೇಕಾರ ಕವಿ ಸಂತ ಕಬೀರನ ಹೆಸರಿದೆ. ಶತಮಾನಗಳ ಹಿಂದಿನ ದಾಸಿಮಯ್ಯನನ್ನು ಹೊರನಾಡಿನವರಿಗೆ ಪರಿಚಯಿಸುವ ಕೆಲಸ ನಮ್ಮಂಥವರ ಪಾಲಿಗೆ ಇನ್ನೂ ಬಾಕಿಯಿದೆ.

ಬಟ್ಟೆಗೆ ಅಂಕಿತವಿಲ್ಲವೆಂದು ಶೀರ್ಷಿಕೆಯಲ್ಲಿ ಹೇಳಿದೆವು. ಅದು ಪೂರ್ಣ ನಿಜವಲ್ಲ ಎನ್ನುವುದಕ್ಕೆ ಇಳಕಲ್ ಸೀರೆಯನ್ನು ನೋಡಬಹುದು. ಮರಾಠಿಯಲ್ಲಿ ಇರಕಲ್ ಎಂದು ಕರೆಯಲ್ಪಟ್ಟು ಮಹಾರಾಷ್ಟ್ರದ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಈ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಎಳೆಯನ್ನು ಕುಣಿಕೆಯಾಗಿ ಕೋದು ಎರಡನ್ನೂ ಒಂದುಮಾಡುತ್ತಾರೆ. ಇದನ್ನು ಕೊಂಡಿ ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಆಕೃತಿಗಳು ಬರುವ ಬಗೆಗೆ ತೋಪ್ ತೆನೆ ಎಂದು ಹೆಸರು. ಕನ್ನಡದಲ್ಲಿ ‘ತೆನೆ’ ಎಂಬುದಕ್ಕೆ ಧಾನ್ಯದ ತೆನೆ ಎಂಬ ಅರ್ಥದ ಜೊತೆಗೆ ಕೋಟೆಯ ಗೋಡೆಯ ಮೇಲಿನ ತೆನೆ ಎಂಬ ಅರ್ಥವೂ ಹಳೆಯದೇ; ಕಾವ್ಯಗಳ ಕೋಟೆವರ್ಣನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಸೆರಗಿನ ಆಕೃತಿ ಜೋಳದ ಹೊಲದ್ದೋ ಕೋಟೆಯದ್ದೋ ಎಂಬುದನ್ನು ಬಟ್ಟೆಯನ್ನಷ್ಟೇ ನೋಡಿ ಹೇಳಲಾಗದು. ನೇಯುವವರ ಬಾಯಲ್ಲಿ ಎರಡೂ ಅರ್ಥಗಳು ಉಳಿದಿರಬಹುದು. ಪ್ರದರ್ಶನದ ಇಂಗ್ಲಿಷ್ ಚೀಟಿಯಲ್ಲಿ ಅದು ‘ದೇವಾಲಯದ ಗೋಪುರ’ವಾಗಿಬಿಟ್ಟರೆ ಬಟ್ಟೆಯ ಅಂಕಿತವೇ ಅಳಿಸಿಹೋದಂತೆ.

ವಿಶ್ವಕರ್ಮದ ಪರಂಪರೆ ಈಚೆಗೂ ಮುಂದುವರಿದಿದೆ. 2015ರಲ್ಲಿ ಗುರುಗ್ರಾಮದ ದೇವಿ ಆರ್ಟ್ ಫೌಂಡೇಶನ್ನಿನಲ್ಲಿ ‘ಫ್ರ್ಯಾಕ್ಚರ್’ ಎಂಬ ಪ್ರದರ್ಶನ ನಡೆಯಿತು. ಅದೇ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ‘ಫ್ಯಾಬ್ರಿಕ್ ಆಫ್ ಇಂಡಿಯಾ’ ತೆರೆಯಿತು. ಬೆಂಗಳೂರಿನ ಒಂದು ಸಂಸ್ಥೆ 2022ರಲ್ಲಿ ಸೀರೆಗಳ ಪ್ರದರ್ಶನವನ್ನು ಹಂಪಿಯ ಬಳಿಯ ಆನೆಗೊಂದಿಯಲ್ಲಿ ಏರ್ಪಡಿಸಿತು. ನಗರದ ಸಂಗ್ರಹಾಲಯವನ್ನು ಬಿಟ್ಟು ಇಳಕಲ್ಲು, ಗಜೇಂದ್ರಗಡಗಳಿಂದ ಬಹಳ ದೂರವಲ್ಲದ ಊರಿಗೆ ಬಟ್ಟೆಗಳನ್ನು ತಂದದ್ದು ಗಮನಾರ್ಹ.

ಇದೇ ಅವಧಿಯಲ್ಲಿ ಮಗ್ಗಗಳ ಕಡೆಯ ಲೆಕ್ಕ ಬೇರೆಯೇ ಇದೆ. ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ 2009-10ರಲ್ಲಿ 43.31 ಲಕ್ಷವಿದ್ದ ಕೈಮಗ್ಗದ ಕೆಲಸಗಾರರು 2019-20ರ ಗಣತಿಯ ವೇಳೆಗೆ 35.22 ಲಕ್ಷಕ್ಕೆ ಇಳಿದಿದ್ದರು. ಕಮಲಾದೇವಿ, ಪುಪುಲ್ ಜಯಕರರು ಕಟ್ಟಿ ಬೆಳೆಸಿದ ಕರಕುಶಲ ಮತ್ತು ಕೈಮಗ್ಗ ಮಂಡಳಿಗಳೆರಡನ್ನೂ ಕೇಂದ್ರ ಸರ್ಕಾರ 2020ರಲ್ಲಿ ರದ್ದುಪಡಿಸಿತು. ಸೇವಾ ಕೇಂದ್ರಗಳು ಉಳಿದಿವೆ. ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ, ಎಂದರೆ ಈ ಪತ್ರಿಕೆಯ ಓದುಗರಿರುವ ಊರುಗಳಲ್ಲಿಯೇ, ಅವುಗಳ ಬಾಗಿಲು ತೆರೆದಿದೆ. ಅಲ್ಲಿಂದ ನಿವೃತ್ತರಾದ ನೇಕಾರರು, ಬಣ್ಣಗಾರರು ಯಾರು, ಯಾವ ಊರುಗಳಿಂದ ಬಂದವರು, ಮಗ್ಗದ ಭಾಗಗಳನ್ನೂ ಆಕೃತಿಗಳನ್ನೂ ಅವರು ಯಾವ ಮಾತುಗಳಲ್ಲಿ ಕರೆಯುತ್ತಿದ್ದರು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ವಸ್ತ್ರವಿನ್ಯಾಸದ ಪಾಂಡಿತ್ಯ ಬೇಕಿಲ್ಲ. 1982ರ ಪ್ರದರ್ಶನಕ್ಕೆ ಮೂವತ್ತರ ಹರೆಯದಲ್ಲಿ ನೇಯ್ದವರು ಈಗ ಎಪ್ಪತ್ತು ದಾಟಿದ್ದಾರೆ.