ಎಂಬಿಎ: ಅರ್ಜಿಯಿಂದ ಪದವಿ ಪತ್ರದವರೆಗೆ

ತಾಯಲೂರು (ಮುಳಬಾಗಿಲು ತಾಲ್ಲೂಕು): ಎಂಬಿಎ ಸೇರಲು ಬಯಸುವ ಹಳ್ಳಿಯ ಪದವೀಧರರು ಪ್ರವೇಶ ಪರೀಕ್ಷೆಯ ಸಿದ್ಧತೆಗೆ ತಿಂಗಳುಗಟ್ಟಲೆ ಮೀಸಲಿಡುತ್ತಾರೆ. ದಾಖಲೆಗಳಿಗೆ ಮಾತ್ರ ಕೊನೆಯ ವಾರ ಉಳಿದಿರುತ್ತದೆ. ಸೀಟು ಕೈತಪ್ಪುವ ಪ್ರಸಂಗಗಳು ಹುಟ್ಟಿಕೊಳ್ಳುವುದು ಆ ವಾರದಲ್ಲಿಯೇ. ಕೋಲಾರ ಜಿಲ್ಲೆಯ ಪೂರ್ವ ಅಂಚಿನಲ್ಲಿ, ಆಂಧ್ರದ ಗಡಿಗೆ ಸಮೀಪವಿರುವ ತಾಯಲೂರಿನಂತಹ ಹೋಬಳಿ ಕೇಂದ್ರದ ವಿದ್ಯಾರ್ಥಿಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಯಾರು ಅರ್ಹರು?

ಯಾವುದೇ ವಿಷಯದಲ್ಲಿ ಕನಿಷ್ಠ ಮೂರು ವರ್ಷಗಳ ಪದವಿ ಪಡೆದವರು ಎಂಬಿಎ ಸೇರಬಹುದು. ವಾಣಿಜ್ಯ ಅಥವಾ ಬಿಬಿಎ ಓದಿದವರಿಗೆ ಮಾತ್ರ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ, ಅದು ತಪ್ಪು. ಬಿ.ಎ. ಓದಿದವರಿಗೂ ಅವಕಾಶವಿದೆ. ಪದವಿಯಲ್ಲಿ ಒಟ್ಟಾರೆ ಶೇ 50 ಅಂಕ ಇರಬೇಕು. ಕರ್ನಾಟಕದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಅಭ್ಯರ್ಥಿಗಳಿಗೆ ಶೇ 45 ಸಾಕು. ಅಂತಿಮ ಸೆಮಿಸ್ಟರ್‌ನ ಫಲಿತಾಂಶ ಬಾರದವರು ಪ್ರವೇಶ ಪರೀಕ್ಷೆ ಬರೆಯಬಹುದಾದರೂ ದಾಖಲೆ ಪರಿಶೀಲನೆಯ ವೇಳೆಗೆ ಅಂಕಪಟ್ಟಿ ಕೈಯಲ್ಲಿರಬೇಕು. ವಿಶ್ವವಿದ್ಯಾಲಯಗಳ ಫಲಿತಾಂಶ ತಡವಾದ ವರ್ಷಗಳಲ್ಲಿ ಉತ್ತಮ ರ‍್ಯಾಂಕ್ ಪಡೆದವರೂ ಇಲ್ಲಿ ಪರದಾಡುವುದುಂಟು.

ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆಯುವುದು ಅಗತ್ಯ. ಎಂಬಿಎ ಪತ್ರಿಕೆಯಲ್ಲಿ 100 ಅಂಕಗಳ 100 ಪ್ರಶ್ನೆಗಳಿದ್ದು, ಉತ್ತರಿಸಲು ಎರಡು ಗಂಟೆ ಕಾಲಾವಕಾಶವಿರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಾಗಿಲ್ಲ. ಇದಲ್ಲದೆ ಖಾಸಗಿ ಕಾಲೇಜುಗಳ ಸಂಘದ ಕೆಮ್ಯಾಟ್, ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಸಿಮ್ಯಾಟ್ ಮೊದಲಾದ ಪರೀಕ್ಷೆಗಳಿವೆ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ ಸೇರಿದಂತೆ ಐಐಎಂಗಳಿಗೆ ಕ್ಯಾಟ್ ಬೇಕು. ಸಂಸದೀಯ ಕಾಯ್ದೆ ಜಾರಿಯಾಗುವ 2018ರವರೆಗೆ ಐಐಎಂಗಳು ಸ್ನಾತಕೋತ್ತರ ಡಿಪ್ಲೊಮಾ ನೀಡುತ್ತಿದ್ದವು. ಪದವಿ ನೀಡುವ ಅಧಿಕಾರ ಅವುಗಳಿಗೆ ಬಂದದ್ದು ಆ ನಂತರ. ಬೆಂಗಳೂರಿನ ಹಲವು ಖಾಸಗಿ ಸಂಸ್ಥೆಗಳು ಇಂದಿಗೂ ಪಿಜಿಡಿಎಂ ಹೆಸರಿನ ಡಿಪ್ಲೊಮಾವನ್ನೇ ನೀಡುತ್ತವೆ. ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಮುಂದೆ ಪಿಎಚ್.ಡಿ. ಅಥವಾ ಅಧ್ಯಾಪಕ ವೃತ್ತಿಯ ಆಸೆ ಇರುವವರು ಅದಕ್ಕೆ ಎಂಬಿಎಗೆ ಸಮಾನವೆಂಬ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸುವುದು ಒಳ್ಳೆಯದು.

ನಾಡಕಚೇರಿಯಲ್ಲಿ ಆರಂಭ

ಜಾತಿ ಮತ್ತು ಆದಾಯ ಪ್ರಮಾಣಪತ್ರ ದೊರೆಯುವುದು ಹೋಬಳಿಯ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದಾಗ ಪ್ರಾಧಿಕಾರ ಅದನ್ನು ಕಂದಾಯ ಇಲಾಖೆಯ ದತ್ತಾಂಶದೊಡನೆ ತಾಳೆ ನೋಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಇರುವ ಹೆಸರು ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರಿನೊಂದಿಗೆ ಇದ್ದರೆ, ಅಥವಾ ತೆಲುಗಿನ ಉಚ್ಚಾರಣೆಯಂತೆ ಒಂದು ಕಡೆ, ಕನ್ನಡದಂತೆ ಇನ್ನೊಂದು ಕಡೆ ಬರೆದಿದ್ದರೆ ಅಲ್ಲಿಂದಲೇ ತೊಡಕು ಶುರು. ತಿದ್ದುಪಡಿಗೆ ವಾರಗಳೇ ಹಿಡಿಯಬಹುದು. ಪದವಿಯ ಐದನೇ ಸೆಮಿಸ್ಟರ್‌ನಲ್ಲಿರುವಾಗಲೇ ಇದನ್ನು ಸರಿಪಡಿಸಿಕೊಂಡವರಿಗೆ ಅರ್ಧ ದಾರಿ ಕಳೆದಂತೆ.

ಹೆಚ್ಚು ಗೊಂದಲವಿರುವುದು ಗ್ರಾಮೀಣ ಮೀಸಲಾತಿಯ ವಿಷಯದಲ್ಲಿ. ತಂದೆತಾಯಿ ಹಳ್ಳಿಯಲ್ಲಿದ್ದರೆ, ಪಡಿತರ ಚೀಟಿ ಹಳ್ಳಿಯದಾಗಿದ್ದರೆ ಸಾಕೆಂದು ಬಹಳ ಮಂದಿ ಭಾವಿಸಿದ್ದಾರೆ. ನಿಯಮ ನೋಡುವುದು ಮನೆಯನ್ನಲ್ಲ, ಶಾಲೆಯನ್ನು. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ತಾಯಲೂರಿನಲ್ಲಿ ಏಳನೇ ತರಗತಿ ಮುಗಿಸಿ ಪ್ರೌಢಶಾಲೆಗೆ ಮುಳಬಾಗಿಲು ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದ ವಿದ್ಯಾರ್ಥಿ, ಹುಟ್ಟಿನಿಂದ ಹಳ್ಳಿಯಲ್ಲೇ ವಾಸವಿದ್ದರೂ ಈ ಸೌಲಭ್ಯಕ್ಕೆ ಅರ್ಹನಾಗುವುದಿಲ್ಲ. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತೂ ವರ್ಷದ ಲೆಕ್ಕವೇ. ಇವೆರಡಕ್ಕೂ ಶಾಲೆಯ ಮುಖ್ಯಸ್ಥರು ನೀಡುವ ವ್ಯಾಸಂಗ ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ಇರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಅಗತ್ಯ. ಎರಡು ಮೂರು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಪಡೆಯಬೇಕಾಗುತ್ತದೆ. ಮೀಸಲಾತಿ ದಾಖಲೆ ಹಾಜರುಪಡಿಸದ ಅಭ್ಯರ್ಥಿಯನ್ನು ಸಾಮಾನ್ಯ ವರ್ಗದಲ್ಲಿ ಪರಿಗಣಿಸಲಾಗುತ್ತದೆ. ರ‍್ಯಾಂಕ್ ಅದೇ ಇದ್ದರೂ ದೊರೆಯುವ ಕಾಲೇಜು ಬೇರೆಯಾಗುತ್ತದೆ.

ಗಡಿಭಾಗದ್ದೇ ಆದ ಮತ್ತೊಂದು ಸಮಸ್ಯೆ ಇದೆ. ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ನಿಗದಿತ ವರ್ಷಗಳ ಕಾಲ ವ್ಯಾಸಂಗ ಮಾಡಿದ ದಾಖಲೆ ಬೇಕು. ಮುಳಬಾಗಿಲು ತಾಲ್ಲೂಕಿನ ಅಂಚಿನ ಹಳ್ಳಿಗಳಿಗೆ ಆಂಧ್ರದ ಪಲಮನೇರು, ವಿ.ಕೋಟ ಕಡೆಯ ಶಾಲಾ ಕಾಲೇಜುಗಳು ದೂರವಲ್ಲ. ಅಲ್ಲಿ ಕೆಲವು ವರ್ಷ ಓದಿ ಬಂದವರು ತಮ್ಮ ವ್ಯಾಸಂಗದ ವರ್ಷಗಳನ್ನು ಆ ಸಾಲಿನ ಮಾಹಿತಿ ಪುಸ್ತಿಕೆಯ ಅರ್ಹತಾ ಖಂಡಗಳೊಂದಿಗೆ ಒಂದೊಂದಾಗಿ ಎಣಿಸಿ ನೋಡಬೇಕು. ಆಂಧ್ರದ ಐಸೆಟ್ ಬರೆದರೆ ಅಲ್ಲಿಯೂ ಸ್ಥಳೀಯ, ಸ್ಥಳೀಯೇತರ ಎಂಬ ವಿಂಗಡಣೆ ಇದೆ. ಎರಡೂ ಕಡೆ ಹೊರಗಿನವರಾಗಿ ಉಳಿಯುವ ಅಪಾಯ ಕಾಲ್ಪನಿಕವೇನಲ್ಲ.

ಆಯ್ಕೆಯ ಗೋಜಲು

ರ‍್ಯಾಂಕ್ ಪ್ರಕಟವಾಗಿ, ದಾಖಲೆಗಳ ಪರಿಶೀಲನೆ ಮುಗಿದ ಮೇಲೆ ಕಾಲೇಜುಗಳನ್ನು ಆದ್ಯತಾ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ದಾಖಲಿಸಬೇಕು. ಸೀಟು ಹಂಚಿಕೆಯಾದ ನಂತರ ನಾಲ್ಕು ಆಯ್ಕೆಗಳು ಮುಂದಿರುತ್ತವೆ. ಮೊದಲನೆಯದು ಸೀಟನ್ನು ಒಪ್ಪಿ ಕಾಲೇಜು ಸೇರುವುದು. ಎರಡನೆಯದು ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನ ಆದ್ಯತೆಗೆ ಕಾಯುವುದು. ಮೂರನೆಯದು ದೊರೆತ ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಕೊನೆಯದು ಪ್ರಕ್ರಿಯೆಯಿಂದಲೇ ಹೊರನಡೆಯುವುದು. ಎಡವುವವರು ಹೆಚ್ಚಾಗಿ ಎರಡನೆಯದರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಆದ್ಯತೆಯ ಕಾಲೇಜು ದೊರೆತ ಕೂಡಲೇ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ, ಮರಳಿ ಕೇಳುವಂತಿಲ್ಲ. ಪ್ರತಿದಿನ ಬಸ್ಸಿನಲ್ಲಿ ಹೋಗಿ ಬರಬಹುದಾದ ಕೋಲಾರದ ಕಾಲೇಜನ್ನು ಕೆಳಗಿಟ್ಟು, ಹಾಸ್ಟೆಲ್ ವೆಚ್ಚ ಭರಿಸಲಾಗದ ದೂರದ ಕಾಲೇಜನ್ನು ಹೆಸರಿಗಾಗಿ ಮೇಲಿಟ್ಟವರು ಪೇಚಿಗೆ ಸಿಲುಕುವುದು ಹೀಗೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಬರೆಯದಿರುವುದೇ ಲೇಸು.

ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯ ನಂತರ ಕೋಲಾರ ಜಿಲ್ಲೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ. ಕೋಲಾರದ ಟಮಕದಲ್ಲಿ ಅದರ ಆಡಳಿತ ಕಚೇರಿ 2017ರಲ್ಲಿ ಕಾರ್ಯಾರಂಭ ಮಾಡಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿನ ಎಂಬಿಎ ವಿಭಾಗಗಳು ಸಾಮಾನ್ಯವಾಗಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದಲ್ಲಿವೆ. ಪಠ್ಯಕ್ರಮ, ಹಾಜರಾತಿ, ಉತ್ತೀರ್ಣತೆಯ ನಿಯಮಗಳು ವಿಶ್ವವಿದ್ಯಾಲಯಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದು ಗಮನಾರ್ಹ.

ಹಣದ ದಾರಿ

ವಿದ್ಯಾರ್ಥಿವೇತನ ಹಾಗೂ ಶುಲ್ಕ ಮರುಪಾವತಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಲ್ಲದಿದ್ದರೆ ಮಂಜೂರಾದ ಹಣವೂ ಕೈಸೇರದು. ಹಾಸ್ಟೆಲ್ ದೊರೆಯದವರಿಗೆ ‘ವಿದ್ಯಾಸಿರಿ’ ಯೋಜನೆಯಡಿ ಊಟ, ವಸತಿಗೆ ನೆರವಿದೆ. ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವಂತಿಲ್ಲ; ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು. 2015ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಾಲ ಖಾತರಿ ನಿಧಿಯು 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಖಾತರಿ ನೀಡುತ್ತದೆ. ಜಮೀನಿನ ಪಹಣಿ ಇಲ್ಲದೆ ಸಾಲವೇ ಇಲ್ಲವೆಂದು ಮೊದಲೇ ಕೈಚೆಲ್ಲುವ ಪೋಷಕರು ಇದನ್ನು ತಿಳಿದಿರಬೇಕು.

ಎರಡು ವರ್ಷ, ನಾಲ್ಕು ಸೆಮಿಸ್ಟರ್

ತರಗತಿ ಆರಂಭವಾದ ಮೇಲೆ ಮೊದಲ ಷರತ್ತು ಹಾಜರಾತಿ. ವಿಶ್ವವಿದ್ಯಾಲಯಕ್ಕೆ ಅನುಗುಣವಾಗಿ ಶೇ 75ರಿಂದ 85ರಷ್ಟು ಇರಬೇಕು. ಕಡಿಮೆಯಾದರೆ ಪರೀಕ್ಷೆಗೆ ಪ್ರವೇಶಪತ್ರವೇ ದೊರೆಯುವುದಿಲ್ಲ. ಟೊಮೆಟೊ ಕೊಯ್ಲಿನ ದಿನಗಳಲ್ಲಿ ಮನೆಗೆ ನೆರವಾಗಬೇಕಾದ ವಿದ್ಯಾರ್ಥಿಗಳಿಗೆ ಇದು ಸಣ್ಣ ವಿಷಯವಲ್ಲ. ಲಿಖಿತ ಪರೀಕ್ಷೆಯಲ್ಲಿ ಶೇ 40, ಒಟ್ಟಾರೆ ಶೇ 50 ಎಂಬುದು ರಾಜ್ಯದಲ್ಲಿ ಸಾಮಾನ್ಯವಾಗಿ ಕಾಣುವ ಉತ್ತೀರ್ಣತೆಯ ಅಳತೆ. ಎರಡನೇ ವರ್ಷದಲ್ಲಿ ಮಾರುಕಟ್ಟೆ, ಹಣಕಾಸು, ಮಾನವ ಸಂಪನ್ಮೂಲ ಮೊದಲಾದ ವಿಶೇಷ ವಿಷಯಗಳನ್ನು ಆರಿಸಿಕೊಳ್ಳಬೇಕು.

ಸಂಸ್ಥೆಯೊಂದರಲ್ಲಿ ಕೆಲವು ವಾರ ಇದ್ದು ನಡೆಸುವ ಅಧ್ಯಯನ ಹಾಗೂ ಅದರ ಯೋಜನಾ ವರದಿ ಕಡ್ಡಾಯ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು, ಹಾಲು ಒಕ್ಕೂಟ, ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ಜಿಲ್ಲೆಯಲ್ಲೇ ಇವೆ. ಬೆಳಿಗ್ಗೆಯ ಹರಾಜಿನ ದರ ಸಂಜೆಯೊಳಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಮನೆಯ ಅನುಭವದಿಂದ ಬಲ್ಲ ವಿದ್ಯಾರ್ಥಿ ಅದರ ಬಗ್ಗೆ ಬರೆಯುವ ವರದಿಗೆ, ಜೆರಾಕ್ಸ್ ಅಂಗಡಿಯಿಂದ ಕೊಂಡ ಸಿದ್ಧ ವರದಿಗಿಂತ ಹೆಚ್ಚು ತೂಕವಿರುತ್ತದೆ. ನಕಲಿನ ಬಗ್ಗೆ ಯುಜಿಸಿ 2018ರಲ್ಲಿ ರೂಪಿಸಿದ ನಿಯಮಗಳು ಕಠಿಣವಾಗಿವೆ. ಸಾಮ್ಯ ಶೇ 10 ಮೀರಿ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಬರಹವನ್ನು ಮತ್ತೆ ಸಲ್ಲಿಸಬೇಕು. ಶೇ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು.

ಎಲ್ಲ ವಿಷಯಗಳಲ್ಲಿ ಉತ್ತೀರ್ಣರಾದ ಮೇಲೆ ಮೊದಲು ದೊರೆಯುವುದು ತಾತ್ಕಾಲಿಕ ಪ್ರಮಾಣಪತ್ರ. ಮೂಲ ಪದವಿ ಪತ್ರಕ್ಕೆ ಘಟಿಕೋತ್ಸವದ ಪ್ರಕಟಣೆ ಹೊರಬಿದ್ದಾಗ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ ಸಲ್ಲಿಸಬೇಕಾಗುತ್ತದೆ. ಪ್ರವೇಶದ ವೇಳೆ ಕಾಲೇಜಿಗೆ ಒಪ್ಪಿಸಿದ ಮೂಲ ಅಂಕಪಟ್ಟಿಗಳನ್ನು ವರ್ಗಾವಣೆ ಪತ್ರದ ಜೊತೆಯಲ್ಲೇ ಹಿಂಪಡೆದು, ಕೊಟ್ಟಾಗ ಪಡೆದ ಸ್ವೀಕೃತಿ ಪತ್ರದೊಂದಿಗೆ ಹೋಲಿಸಿ ನೋಡಿಕೊಳ್ಳಬೇಕು.