ಲಾವಾ ಪದರಗಳ ನಡುವಿನ ಸಸ್ತನಿಗಳು: ದಖನ್ ಸಾಕ್ಷ್ಯ ಮತ್ತು ಕ್ರಿಟೇಷಿಯಸ್ ಅಂತ್ಯದ ಅಳಿವು

1. ಪೀಠಿಕೆ

ಬೀದರಿನ ಚಿದ್ರಿಯ ಸುತ್ತ ನೆಲ ಅಗೆದರೆ ಜಂಬಿಟ್ಟಿಗೆ ಕಲ್ಲು; ಭಾಲ್ಕಿ, ಔರಾದಗಳ ಕಡೆಗೆ ಎರೆಭೂಮಿ. ಎರಡಕ್ಕೂ ಮೂಲ ಒಂದೇ, ದಖನ್ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಶಿಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಲಾವಾದ ಬಹುಪಾಲು ಹತ್ತು ಲಕ್ಷ ವರ್ಷಗಳೊಳಗೆ ಹರಿಯಿತು. ಅದೇ ಅವಧಿಯಲ್ಲಿ ಮೆಕ್ಸಿಕೊದ ಚಿಕ್ಸುಲುಬ್‌ನಲ್ಲಿ ಕ್ಷುದ್ರಗ್ರಹ ಅಪ್ಪಳಿಸಿತು. ಹಕ್ಕಿಗಳ ಕವಲೊಂದನ್ನು ಬಿಟ್ಟು ಡೈನೊಸಾರ್‌ಗಳೆಲ್ಲ ಅಳಿದವು. ಆ ಬಳಿಕವೇ ಸಸ್ತನಿಗಳು ಕವಲೊಡೆದವು ಎಂಬುದು ರೂಢಿಯ ವಿವರಣೆ. ಕವಲೊಡೆಯುವಿಕೆ ಅಳಿವಿಗೆ ಮುಂಚೆಯೇ ಶುರುವಾಗಿತ್ತು, ಆ ಕವಲುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಅಳಿವು ನಿರ್ಧರಿಸಿತು ಎಂಬುದು ಈ ಲೇಖನದ ವಾದ.

2. ಸಾಕ್ಷ್ಯ

ಒಂದು ಲಾವಾ ಪ್ರವಾಹ ತಣಿದು ಮತ್ತೊಂದು ಬರುವ ನಡುವೆ ಕೆರೆ, ಹೊಂಡಗಳು ತುಂಬಿದವು. ಅವುಗಳ ಕೆಸರೇ ಇಂಟರ್‌ಟ್ರಾಪಿಯನ್ ಪದರ. ಬೀದರಿನ ದಕ್ಷಿಣಕ್ಕೆ, ತೆಲಂಗಾಣದ ವಿಕಾರಾಬಾದ್ ಸೀಮೆಯ ನಸ್ಕಲ್‌ನಲ್ಲಿ ಇಂಥ ಪದರದಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿಯನ್ನು ವರದಿ ಮಾಡಿದರು. ಅದು ಡೆಕ್ಕನೋಲೆಸ್ಟಿಸ್. ಅದರ ದವಡೆ ಹಲ್ಲು ಸಾಸಿವೆ ಕಾಳಿನಷ್ಟು. ಮೇಲಿನ ಚೂಪು ಮೊನೆಗಳು ಹುಳುಗಳ ಗಟ್ಟಿ ಹೊರಕವಚ ಸೀಳಲು ತಕ್ಕವು. ಮುಂದೆ ದೊರೆತ ಪಾದದ ಹರಡಿನ ಎಲುಬುಗಳು ಪಾದ ಸಲೀಸಾಗಿ ತಿರುಗುತ್ತಿತ್ತು, ಅಂದರೆ ಪ್ರಾಣಿ ಮರ ಹತ್ತುತ್ತಿತ್ತು ಎಂದು ಸೂಚಿಸಿದವು. 2022ರ ಅಧ್ಯಯನವೊಂದು ನಸ್ಕಲ್ ಪದರವನ್ನು ಅಳಿವಿಗೆ ತುಸು ಮುಂಚಿನದೆಂದು ಕಾಲನಿರ್ಣಯ ಮಾಡಿ, ಇಂಡೊಕ್ಲೆಮೆನ್ಸಿಯಾ ಎಂಬ ಹೊಸ ಕುಲವನ್ನೂ ಹೆಸರಿಸಿತು. ನಮ್ಮ ಗೋಕಾಕದ ಪದರಗಳಲ್ಲಿ ಎತ್ತರದ ಹಲ್ಲುಗಳ ಗೊಂಡ್ವಾನಾಥೀರ್ ಎಂಬ ಸಸ್ತನಿಗಳು ಸಿಕ್ಕಿವೆ; ಅವು ಬೇರೆಯೇ ಬಗೆಯ, ಸವೆತ ತರುವ ಆಹಾರ ತಿನ್ನುತ್ತಿದ್ದವು.

3. ಚರ್ಚೆ

ಹುಳುಬಾಕ, ಮರವಾಸಿ, ಎತ್ತರದ ಹಲ್ಲಿನ ಸಸ್ಯಾಹಾರಿ: ಡೈನೊಸಾರ್‌ಗಳು ಬದುಕಿದ್ದಾಗಲೇ, ಜ್ವಾಲಾಮುಖಿಗಳ ನಡುವೆಯೇ ಇಷ್ಟು ಬಗೆಯ ಸಸ್ತನಿಗಳಿದ್ದವು. ಡೆಕ್ಕನೋಲೆಸ್ಟಿಸ್‌ನ ಸಂಬಂಧಿಗಳಾದ ಅಡಾಪಿಸೊರಿಕ್ಯುಲಿಡ್‌ಗಳು ಅಳಿವಿನ ನಂತರದ ಪೇಲಿಯೊಸೀನ್‌ನಲ್ಲಿ ಯುರೋಪಿನಲ್ಲಿ ಕಾಣಿಸುತ್ತವೆ. ಚಿಕ್ಕ ಒಡಲಿಗೆ ಆಹಾರ ಕಡಿಮೆ ಸಾಕು, ಪೀಳಿಗೆಗಳು ಬೇಗ ಬದಲಾಗುತ್ತವೆ. ಅಪ್ಪಳಿಕೆಯ ಬಳಿಕ ಬಿಸಿಲು ಮಸುಕಾಗಿ ಹಸಿರು ಸೊರಗಿದಾಗಲೂ ಕೊಳೆತ ಸಸ್ಯ ತಿನ್ನುವ ಹುಳುಗಳಿರುತ್ತವೆ. ಸುಮಾರು 25.2 ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಅಂತ್ಯದ ಅಳಿವಿನಲ್ಲೂ ಹೀಗೇ: ಅದನ್ನು ದಾಟಿದ ಸೈನೊಡಾಂಟ್ ಎಂಬ ಪ್ರಾಣಿಗಳ ವಂಶದಲ್ಲೇ ಸಸ್ತನಿಗಳು ಹುಟ್ಟಿದವು. ಮೊದಲೇ ಇದ್ದ ಗುಣಕ್ಕೆ ಅಳಿವು ಬೆಲೆ ತಂದಿತು. ದೊಡ್ಡ ಒಡಲಿಗೂ ಹೊಸ ಆಹಾರಕ್ಕೂ ಎಡೆ ಸಿಕ್ಕಿದ್ದು ಆಮೇಲೆ.

4. ಉಪಸಂಹಾರ

ಗೋಕಾಕ ಮತ್ತು ನಸ್ಕಲ್‌ಗಳಿರುವ ವಿಶಾಲ ಲಾವಾ ನೆಲದಲ್ಲಿ ಬೀದರ್ ಜಿಲ್ಲೆಯೂ ಸೇರಿದೆ. ಬಾವಿ ತೋಡುವಾಗ ಎರಡು ಕಪ್ಪುಕಲ್ಲಿನ ಹಾಸುಗಳ ನಡುವೆ ಜೇಡಿ ಅಥವಾ ಸುಣ್ಣಗಲ್ಲು ಬಂದರೆ ಅದನ್ನು ರಾಶಿಗೆ ಎಸೆಯಬಾರದು. ಅದನ್ನು ನೀರಲ್ಲಿ ನೆನೆಸಿ, ಸಣ್ಣ ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದಡಿ ಹುಡುಕಬೇಕು. ಅಳಿವಿನ ಮುಂಚಿನ ಮತ್ತು ನಂತರದ ಪದರಗಳು ಒಂದೇ ಕಡೆ ದೊರೆತರೆ ಮೇಲಿನ ವಾದವನ್ನು ನೇರವಾಗಿ ಪರೀಕ್ಷಿಸಬಹುದು. ಕಲ್ಯಾಣ ಕರ್ನಾಟಕದ ಭೂವಿಜ್ಞಾನ ವಿಭಾಗಗಳು ಈ ಕೆಲಸವನ್ನು ತಮ್ಮದೆಂದು ಕೈಗೆತ್ತಿಕೊಳ್ಳಬೇಕು.