ನೀರ್ ಸಾಬ್ ಬಿಟ್ಟುಕೊಟ್ಟ ಅಧಿಕಾರ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ‘ಸಾಬ್ರು’ ಎಂಬ ಮಾತಿನ ಅರ್ಥ ಅದನ್ನು ಆಡುವವರ ದನಿಯಲ್ಲಿರುತ್ತದೆ. ಸಂತೆಯಲ್ಲಿ ಅದು ಗುರುತು, ಜಗಳದಲ್ಲಿ ಬೈಗುಳ. 1980ರ ದಶಕದಲ್ಲಿ ಈ ಮಾತಿಗೆ ಮೂರನೆಯ ಅರ್ಥವೊಂದು ಹುಟ್ಟಿತು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಬರದಲ್ಲಿ ಬೆಂದ ಹಳ್ಳಿಗಳಿಗೆ ಕೊಳವೆಬಾವಿ ತೋಡಿಸಿದರು. ಜನ ನಜೀರ್ ಸಾಬ್ ಎಂಬ ಹೆಸರನ್ನು ತಾವೇ ತಿದ್ದಿ ‘ನೀರ್ ಸಾಬ್’ ಎಂದರು.

ಉರ್ದು ಓದಿದವರಿಗೆ ಇಲ್ಲೊಂದು ಸ್ವಾರಸ್ಯ ಕಾಣುತ್ತದೆ. ನಮ್ಮ ಬಾಯಲ್ಲಿ ಒಂದೇ ಆಗಿ ಕೇಳುವ ‘ನಜೀರ್’ ಉರ್ದು ಬರಹದಲ್ಲಿ ಎರಡು ಪದ. ಒಂದಕ್ಕೆ ನಿದರ್ಶನ ಎಂಬ ಅರ್ಥ, ಇನ್ನೊಂದಕ್ಕೆ ಎಚ್ಚರಿಸುವವನು ಎಂಬ ಅರ್ಥ. ಕನ್ನಡ ಲಿಪಿ ಈ ಭೇದ ಮಾಡುವುದಿಲ್ಲ. ಇವರ ವಿಷಯದಲ್ಲಿ ಮಾಡದಿರುವುದೇ ಒಳ್ಳೆಯದು.

ನೀರಿನ ಬೆಲೆ ತಿಳಿಯಲು ಈ ಸೀಮೆಯ ನೆಲ ನೋಡಬೇಕು. ಪಶ್ಚಿಮ ಘಟ್ಟ ಮತ್ತು ನೀಲಗಿರಿಯ ಮಳೆನೆರಳಿನಲ್ಲಿ ಬಿದ್ದಿರುವ ನೆಲ ಇದು. ಆಚೆಯ ವಯನಾಡಿನಲ್ಲಿ ಮಳೆ ಸುರಿಯುತ್ತಿದ್ದರೆ ಈಚೆ ಮೋಡ ನೋಡುತ್ತಾ ಕೂರಬೇಕು. ಕೆಳಗೆ ಗಟ್ಟಿ ಬಂಡೆ. ತೆರೆದ ಬಾವಿ ಬೇಸಿಗೆಗೆ ಮೊದಲೇ ತಳ ಕಾಣುತ್ತದೆ. ಬಾವಿಯಲ್ಲಿ ನೀರಿದ್ದರೂ ಅದು ಎಲ್ಲರದಾಗಿರಲಿಲ್ಲ. ಹೊಲೆಗೇರಿ ಮಾದಿಗೇರಿಯ ಹೆಣ್ಣುಮಕ್ಕಳು ಊರಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹುಯ್ಯುವವರೆಗೆ ಕಾಯಬೇಕಿತ್ತು. 250 ಜನಕ್ಕೊಂದು ಕೊಳವೆಬಾವಿ ಎಂಬ ಲೆಕ್ಕದಲ್ಲಿ ಕೈಪಂಪು ಕೇರಿಯೊಳಕ್ಕೇ ಬಂದಾಗ ಕಾಯುವ ಆ ಅವಮಾನ ಎಷ್ಟೋ ಕಡೆ ತಪ್ಪಿತು. ಕಬ್ಬಿಣದ ಹಿಡಿಗೆ ಮೈಲಿಗೆ ಗೊತ್ತಿಲ್ಲವಲ್ಲ.

ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ‘ಸದಖಾ-ಏ-ಜಾರಿಯಾ’, ಅಂದರೆ ಸತ್ತ ಮೇಲೂ ಪುಣ್ಯ ಹರಿಯುತ್ತಿರುವ ದಾನ ಎನ್ನುತ್ತಾರೆ. ದಾನಗಳಲ್ಲಿ ನೀರೇ ಶ್ರೇಷ್ಠವೆಂಬ ಹದೀಸು ಎಲ್ಲರಿಗೂ ಗೊತ್ತು. ಆದರೆ ನಮಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬೋರ್‌ವೆಲ್ ತೋಡಿಸಿದ್ದು ಸರಕಾರದ ದುಡ್ಡಿನಲ್ಲಿ. ಅದು ಜನರ ಹಕ್ಕು, ದಾನವಲ್ಲ. ನಜೀರ್ ಸಾಬರು ನಿಜವಾಗಿ ಕೈಬಿಚ್ಚಿ ಕೊಟ್ಟದ್ದು ಬೇರೊಂದು ವಸ್ತುವನ್ನು. ನೀರಿನ ಹೆಸರಿನಡಿ ಅದು ಮರೆಯಾಗಿದೆ.

ಅದು ಅಧಿಕಾರ. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಜಿಲ್ಲೆಗೊಂದು, ಕೆಲವು ಹಳ್ಳಿಗಳ ಗುಂಪಿಗೊಂದು ಚುನಾಯಿತ ಆಡಳಿತವಿರಲಿ ಎಂದು ಶಿಫಾರಸು ಮಾಡಿತ್ತು. ಅದೇ ವರ್ಷ ಪಶ್ಚಿಮ ಬಂಗಾಳದಲ್ಲಿ ಪಕ್ಷಗಳ ಗುರುತಿನ ಮೇಲೆ ಪಂಚಾಯತಿ ಚುನಾವಣೆ ನಡೆಯಿತು. ಸಮಿತಿಯ ಸಲಹೆಯನ್ನು ಗಟ್ಟಿಯಾಗಿ ಹಿಡಿದವರು ಕರ್ನಾಟಕದವರು. 1983ರಲ್ಲಿ ಶಾಸನಸಭೆ ಒಪ್ಪಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆಯಾಗಿ ಏಪ್ರಿಲ್‌ನಿಂದ ಜಿಲ್ಲಾ ಪರಿಷತ್ತುಗಳು ಕೆಲಸಕ್ಕಿಳಿದವು. ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿ ಬರಲು ಆಗಿನ್ನೂ ಆರು ವರ್ಷವಿತ್ತು ಎಂಬುದನ್ನು ಮರೆಯಬಾರದು.

ಈ ಕಾಯಿದೆಯ ಕೊಡಲಿ ಎಲ್ಲಿ ಬಿತ್ತು ನೋಡಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯೆಂದು ಬಂದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಪರಿಷತ್ತಿನ ಪಾಲು. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಾಗಿ ಮೆರೆದಿದ್ದ ‘ಡಿಸಿ ಸಾಹೇಬರು’ ಅಭಿವೃದ್ಧಿಯ ಕೆಲಸದಿಂದ ಹೊರಗುಳಿದರು. ಶಾಸಕರಿಗೂ ಕಸಿವಿಸಿಯಾಯಿತು, ಮೇಷ್ಟರ ವರ್ಗಾವಣೆಗೆ ಜನ ತಮ್ಮ ಮನೆ ಬಾಗಿಲಿಗೆ ಬರದಿದ್ದರೆ ಶಾಸಕರಾಗಿ ಸುಖವೇನು? ಮಂತ್ರಿಯಾದವನು ಇಲಾಖೆಗೆ ಇನ್ನಷ್ಟು ಬಲ ತುಂಬಲು ಹೆಣಗುವುದು ಲೋಕರೂಢಿ. ನಜೀರ್ ಸಾಬರು ತಮ್ಮ ಕೈಯಲ್ಲಿದ್ದುದನ್ನು ಬಿಡಿಸಿ ಹಂಚಲು ನಿಂತರು. ಇಲಾಖೆಯ ಕಾರ್ಯದರ್ಶಿ ಮೀನಾಕ್ಷಿಸುಂದರಂ ಅವರಂಥ ಅಧಿಕಾರಿಗಳು ಜೊತೆ ಕೊಟ್ಟರು.

ಪರೀಕ್ಷೆ ಬಂದದ್ದು ಫಲಿತಾಂಶದಲ್ಲಿ. ಹಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಕೈಗೆ ಹೋದವು. ಸೋತ ಪಕ್ಷದ ಸರಕಾರ ಗೆದ್ದವರಿಗೆ ಹಣ, ನೌಕರರು, ಅಧಿಕಾರ ಎಲ್ಲವನ್ನೂ ಹಸ್ತಾಂತರಿಸಿತು. ಇಂದಿನ ರಾಜಕೀಯ ನೋಡಿದವರಿಗೆ ಇದು ಕಟ್ಟುಕಥೆಯೆನಿಸಬಹುದು. ಸ್ವತಃ ಅವರ ಗುಂಡ್ಲುಪೇಟೆಯಲ್ಲೇ ಆಗ ಶಾಸಕಿಯಾಗಿದ್ದವರು ಕಾಂಗ್ರೆಸ್ಸಿನ ಕೆ.ಎಸ್. ನಾಗರತ್ನಮ್ಮ, 1972ರಿಂದ 78ರವರೆಗೆ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾಗಿದ್ದವರು. ನಜೀರ್ ಸಾಬರು ವಿಧಾನ ಪರಿಷತ್ತಿನ ಮೂಲಕ ಬಂದವರು. ಒಂದು ಸಣ್ಣ ಗಡಿ ತಾಲೂಕು ಏಕಕಾಲಕ್ಕೆ ಇಂಥ ಇಬ್ಬರನ್ನು ಎರಡು ಪಕ್ಷಗಳಿಗೆ ಕೊಟ್ಟಿತ್ತು.

1988ರ ಅಕ್ಟೋಬರಿನಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಮರುವರ್ಷ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ ಈ ಪ್ರಯೋಗವನ್ನು ಪರಿಶೀಲಿಸಿತು. ಹಳ್ಳಿಯ ಮೇಷ್ಟರು, ಆಸ್ಪತ್ರೆ ಸಿಬ್ಬಂದಿ ಕೆಲಸಕ್ಕೆ ಸರಿಯಾಗಿ ಬರತೊಡಗಿದ್ದು ಅದರ ಕಣ್ಣಿಗೆ ಬಿತ್ತು. ಗ್ರಾಮಸಭೆಗಳು ನೆಟ್ಟಗೆ ನಡೆಯದಿದ್ದುದೂ ಬಿತ್ತು. ಆದರೆ ತಿದ್ದುವ ಮನಸ್ಸು ಯಾರಿಗಿತ್ತು? ಮೊದಲ ಅವಧಿ ಮುಗಿದಾಗ ಮುಂದಿನ ಸರಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ತಂದು ಕೂರಿಸಿತು. 1993ರ ಹೊಸ ಕಾಯಿದೆಯಲ್ಲಿ ಮಂಡಲಗಳು ಹೋಗಿ ಗ್ರಾಮ ಪಂಚಾಯತಿಗಳು ಬಂದವು. ಜಿಲ್ಲೆಯ ಅಧ್ಯಕ್ಷಗಿರಿ 20 ತಿಂಗಳ ಸರದಿಯಾಯಿತು. ಕಡತ ಓದಿ ಮುಗಿಸುವಷ್ಟರಲ್ಲಿ ಕುರ್ಚಿ ಬಿಡಬೇಕಿತ್ತು.

ನಮ್ಮವರಲ್ಲಿ ಆಗಾಗ ಒಂದು ಪ್ರಶ್ನೆ ಏಳುತ್ತದೆ: ಮುಸ್ಲಿಮ್ ಮಂತ್ರಿಯಾಗಿ ಅವರು ಮುಸ್ಲಿಮರಿಗೇನು ಮಾಡಿದರು? ಪ್ರಶ್ನೆ ಅನ್ಯಾಯದ್ದೇನಲ್ಲ, ಸಮುದಾಯದ ಬಡತನ ಅದನ್ನು ಕೇಳಿಸುತ್ತದೆ. ಆದರೆ ವಕ್ಫ್, ಹಜ್ ಖಾತೆಗಳಾಚೆ ಮುಸ್ಲಿಮ್ ಮಂತ್ರಿಯನ್ನು ಊಹಿಸಲಾರದ ರಾಜಕೀಯ ನಮ್ಮೊಳಗೂ ಇದೆ, ಹೊರಗೂ ಇದೆ. ಇವರಿಗೆ ಸಿಕ್ಕಿದ್ದು ಇಡೀ ಗ್ರಾಮೀಣ ಕರ್ನಾಟಕ. ಒಂದೂ ಮುಸ್ಲಿಮ್ ಮನೆಯಿಲ್ಲದ ಊರಿನಲ್ಲೂ ಮುದುಕಿಯೊಬ್ಬಳು ನೀರು ಕೊಟ್ಟವನನ್ನು ‘ಸಾಬ್’ ಎಂದು ಹರಸಿದಳೆಂದರೆ ಅದು ನಮ್ಮ ಲೆಕ್ಕಕ್ಕೂ ಸೇರುತ್ತದೆ.

ಅವರ ನೀರಿನ ಕಥೆಗೂ ಇನ್ನೊಂದು ಮುಖವುಂಟು. ಕುಡಿಯುವ ನೀರಿಗೆಂದು ಬಂದ ಕೊಳವೆಬಾವಿಯ ತಂತ್ರ ಮುಂದೆ ಅರಿಶಿನ, ಬಾಳೆ, ಟೊಮೇಟೊ ಬೆಳೆಯ ಹೊಲಗಳಿಗೆ ನುಗ್ಗಿತು. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲೂಕುಗಳ ಪಟ್ಟಿಗೆ ಗುಂಡ್ಲುಪೇಟೆ ಸೇರಿತು. ಕೈಪಂಪುಗಳು ಗಾಳಿ ಎಳೆಯತೊಡಗಿದವು. ಎಷ್ಟು ತೋಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಊರೇ ಕೂತು ತೀರ್ಮಾನಿಸಬಹುದಾಗಿದ್ದ ಗ್ರಾಮಸಭೆಯನ್ನು ಬಲಪಡಿಸದೆ, ಬರೀ ಬೋರ್ ಹೊಡೆಯುವುದನ್ನು ಮಾತ್ರ ಕಲಿತೆವು.

ಗುಂಡ್ಲುಪೇಟೆಯವರು ಜಿಲ್ಲೆಯ ಕೆಲಸಕ್ಕೆ ಮೈಸೂರಿಗೆ ಹೋಗುವುದು ತಪ್ಪಿದ್ದು 1997ರಲ್ಲಿ, ಚಾಮರಾಜನಗರ ಜಿಲ್ಲೆಯಾದಾಗ. ನಜೀರ್ ಸಾಬರ ಹೆಸರು ಹೊತ್ತ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದೆ. ಪಂಚಾಯತಿಗೆ ಆರಿಸಿ ಬಂದವರಿಗೆ ತರಬೇತಿ ಕೊಡುತ್ತದೆ. ಅವರಲ್ಲಿ ಈಗ ಅರ್ಧದಷ್ಟು ಹೆಂಗಸರು. ಆದರೆ 2021ರಲ್ಲಿ ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ ಮುಗಿದಾಗ 1992ರ ಕಥೆಯೇ ಮರುಕಳಿಸಿತು. ವರ್ಷಗಟ್ಟಲೆ ಚುನಾವಣೆಯಿಲ್ಲ, ಆಡಳಿತಾಧಿಕಾರಿಗಳದೇ ಕಾರುಬಾರು. ಇದಕ್ಕಾಗಿ ಯಾವ ಊರಿನಲ್ಲೂ ಅಂಗಡಿ ಬಾಗಿಲು ಹಾಕಿದ್ದನ್ನು ನಾವು ಕಾಣಲಿಲ್ಲ. ಬೋರ್ ಕೆಟ್ಟು ಮೂರು ದಿನವಾದರೆ ಮಾತ್ರ ಖಾಲಿ ಕೊಡ ಹಿಡಿದ ಹೆಂಗಸರು ಪಂಚಾಯತಿ ಕಚೇರಿಯ ಮುಂದೆ ಬಂದು ನಿಲ್ಲುತ್ತಾರೆ.